ಟೋಬಾ ಸರೋವರ: ಜ್ವಾಲಾಮುಖಿಯ ಒಳಗೆ ನಿಂತು ಅದನ್ನು ಗುರುತಿಸುವ ಕ್ರಮ

ಇಂಡೋನೇಷ್ಯಾದ ಸುಮಾತ್ರ ದ್ವೀಪದ ಟೋಬಾ ಸರೋವರಕ್ಕೆ ಹೋಗುವವರಲ್ಲಿ ಹೆಚ್ಚಿನವರು ಮೆಡಾನ್‌ನಿಂದ ನೇರವಾಗಿ ಪರಾಪತ್‌ಗೆ ಬರುತ್ತಾರೆ. ಅಲ್ಲಿಂದ ದೋಣಿಯಲ್ಲಿ ಸಾಮೋಸಿರ್ ದ್ವೀಪಕ್ಕೆ ದಾಟಿ, ಎರಡು ದಿನ ಉಳಿದು, ಬಂದ ದಾರಿಯಲ್ಲೇ ವಾಪಸಾಗುತ್ತಾರೆ. ಹೀಗೆ ನೋಡಿದರೆ ಕಣ್ಣಿಗೆ ಬೀಳುವುದು ವಿಶಾಲವಾದ ನೀರು ಮತ್ತು ಎದುರಿಗೊಂದು ಬೆಟ್ಟ, ಅಷ್ಟೇ. ಇಡೀ ಜಾಗವೇ ಒಂದು ಜ್ವಾಲಾಮುಖಿ ಎನ್ನುವುದು ಅಲ್ಲಿಂದ ತಿಳಿಯುವುದಿಲ್ಲ. ಸುಮಾರು 100 ಕಿ.ಮೀ. ಉದ್ದ, 30 ಕಿ.ಮೀ. ಅಗಲದ ಕುಳಿ ಒಂದೇ ನೋಟಕ್ಕೆ ದಕ್ಕುವಂಥದ್ದಲ್ಲ. ಅದನ್ನು ಸರಿಯಾದ ಕ್ರಮದಲ್ಲಿ ಸುತ್ತಬೇಕು: ಉತ್ತರದ ಅಂಚು, ಪಶ್ಚಿಮದ ಅಂಚು, ದ್ವೀಪ, ಪೂರ್ವದ ದಂಡೆ, ಕೊನೆಗೆ ದಕ್ಷಿಣ. ನಾಲ್ಕು ರಾತ್ರಿ ಇಟ್ಟುಕೊಂಡರೆ ಸಾಕು.

ಬೆಂಗಳೂರಿನಿಂದ ಹೋಗುವವರು ಕೌಲಾಲಂಪುರ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸಿ ಮೆಡಾನ್‌ನ ಕುವಾಲಾನಾಮು ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಬರಸ್ತಗಿ, ಮೆರೆಕ್, ಸಿದಿಕಲಾಂಗ್, ತೇಲೆ, ಪಂಗುರುರಾನ್ ದಾರಿ ಹಿಡಿಯಿರಿ. ಮರಳುವಾಗ ದಕ್ಷಿಣದ ಸಿಲಂಗಿತ್ ವಿಮಾನ ನಿಲ್ದಾಣದಿಂದ ಹೊರಟರೆ ಒಂದೇ ರಸ್ತೆಯನ್ನು ಎರಡು ಸಲ ಸವೆಸಬೇಕಾಗಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಕಡಿಮೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು. ಯಾವ ತಿಂಗಳಲ್ಲೇ ಆಗಲಿ, ಅಂಚಿನ ನೋಟಗಳನ್ನು ಬೆಳಗ್ಗೆ 10ರೊಳಗೆ ಮುಗಿಸಿ. ಮಧ್ಯಾಹ್ನದ ಹೊತ್ತಿಗೆ ಮೋಡ ಕೂತುಬಿಟ್ಟರೆ ಎದುರಿನ ಗೋಡೆ ಕಾಣುವುದೇ ಇಲ್ಲ. ನೀರಿನ ಮಟ್ಟವೇ ಸಮುದ್ರದಿಂದ ಸುಮಾರು 905 ಮೀಟರ್ ಎತ್ತರದಲ್ಲಿರುವುದರಿಂದ ರಾತ್ರಿ ಚಳಿ ಇರುತ್ತದೆ, ಸ್ವೆಟರ್ ಬೇಕು. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ, ಇಳಿಜಾರು ಅಳೆಯುವ ಆ್ಯಪ್ ಇರುವ ಫೋನು, ನೀರಿನ ತಿಳಿ ಅಳೆಯುವ ತಟ್ಟೆ ಇಷ್ಟು ಜೊತೆಗಿರಲಿ. ತಟ್ಟೆ ಮಾಡುವ ಬಗೆಯನ್ನು ಮುಂದೆ ಹೇಳಿದೆ.

ಮೊದಲ ನಿಲುಗಡೆ ಸಿಪಿಸೊ-ಪಿಸೊ ಜಲಪಾತ. ಕಾರೊ ಪ್ರಸ್ಥಭೂಮಿಯ ನೀರು ಇಲ್ಲಿ ಕುಳಿಯ ಅಂಚಿನಿಂದ ಸುಮಾರು 120 ಮೀಟರ್ ಕೆಳಕ್ಕೆ ಬೀಳುತ್ತದೆ. ಜಲಪಾತದ ಫೋಟೊ ತೆಗೆದ ಮೇಲೆ ಅದರ ಅಕ್ಕಪಕ್ಕದ ಗೋಡೆಯ ಕಡೆಗೆ ಕಣ್ಣು ಹಾಯಿಸಿ. ಬೆಟ್ಟದ ತುದಿ ಚೂಪಾಗಿಲ್ಲ. ಮೇಲೆ ಹೊಲಗಳಿರುವ ಸಮತಟ್ಟು ನೆಲ, ಅದು ಥಟ್ಟನೆ ಮುಗಿದು ಕಡಿದಾದ ಗೋಡೆ. ನದಿ ಕೊರೆದ ಕಣಿವೆ ಹೀಗಿರುವುದಿಲ್ಲ. ನೆಲ ಕೆಳಕ್ಕೆ ಕುಸಿದ ಕಡೆ ಇಂಥ ಅಂಚು ಉಳಿಯುತ್ತದೆ. ಸುಮಾರು 74,000 ವರ್ಷಗಳ ಹಿಂದೆ ಇಲ್ಲಿ ಸಾವಿರಾರು ಘನ ಕಿಲೋಮೀಟರ್ ಶಿಲಾಪಾಕ (ನೆಲದಾಳದ ಕರಗಿದ ಕಲ್ಲು) ಹೊರಚಿಮ್ಮಿತು. ತಳ ಖಾಲಿಯಾದಾಗ ಮೇಲಿನ ಚಾವಣಿ ಕುಸಿಯಿತು. ಅದಕ್ಕೂ ಮುಂಚೆ ಇದೇ ಜಾಗದಲ್ಲಿ ದೊಡ್ಡ ಸ್ಫೋಟಗಳು ಆಗಿದ್ದವು. ಈಗಿನ ಕುಳಿ ಆ ಹಳೆಯ ಕುಳಿಗಳನ್ನೂ ನುಂಗಿ ಬೆಳೆದದ್ದು, ಹಾಗಾಗಿಯೇ ಅದು ದುಂಡಗಿಲ್ಲದೆ ಉದ್ದಕ್ಕಿದೆ. ಸರೋವರದ ಅತಿ ಆಳದ ಭಾಗ, 500 ಮೀಟರ್‌ಗೂ ಮೀರಿದ್ದು, ಈ ಉತ್ತರದ ತೊಟ್ಟಿಯಲ್ಲೇ ಇದೆ.

ರಸ್ತೆ ಕಡಿದ ದಿಬ್ಬಗಳಲ್ಲಿ ಕಲ್ಲು ನೋಡುವುದನ್ನು ಇಲ್ಲಿಂದಲೇ ರೂಢಿ ಮಾಡಿಕೊಳ್ಳಿ. ಬೂದಿ ಬಿಗಿದು ಆದ ಕಲ್ಲನ್ನು ಟಫ್ ಎನ್ನುತ್ತಾರೆ. ಬಿದ್ದಿರುವ ಒಂದು ತುಂಡನ್ನು ಎತ್ತಿಕೊಂಡು ಹೊಸದಾಗಿ ಒಡೆದ ಮುಖಕ್ಕೆ ಮಸೂರ ಹಿಡಿದರೆ ಮೂರು ಸಂಗತಿ ಕಾಣಬೇಕು: ಗಾಜಿನಂತೆ ಹೊಳೆಯುವ ಬೆಣಚಿನ ಕಾಳುಗಳು, ಬೆಳ್ಳಗಿನ ಫೆಲ್ಡ್‌ಸ್ಪಾರ್, ಬೆಳಕಿಗೆ ಮಿನುಗುವ ಕಪ್ಪು ಕಾಗೆಬಂಗಾರದ ಚಕ್ಕೆಗಳು. ಉಗುರಿನಿಂದ ಕೆರೆದರೆ ಪುಡಿ ಉದುರುವ ಟಫ್ ಬೆಸೆದುಕೊಳ್ಳದೆ ಉಳಿದದ್ದು. ಗಟ್ಟಿಯಾಗಿದ್ದು, ಒಳಗಿನ ತೇಲುಕಲ್ಲಿನ (ಪ್ಯೂಮಿಸ್) ತುಣುಕುಗಳು ಚಪ್ಪಟೆಯಾಗಿ ಒಂದೇ ದಿಕ್ಕಿಗೆ ಮಲಗಿದ್ದರೆ, ಅದು ಬಿಸಿಯಿರುವಾಗಲೇ ಮೇಲಿನ ಭಾರಕ್ಕೆ ಬೆಸೆದುಕೊಂಡದ್ದು. ಮಳೆ ತಿಂದು ಹಳದಿಯಾದ ಹೊರಮುಖವನ್ನು ಮಾತ್ರ ನೋಡಿದರೆ ಎರಡೂ ಒಂದೇ ಎನಿಸುತ್ತದೆ, ಎಡವುವುದು ಅಲ್ಲೇ. ಟೋಬಾ 2020ರಿಂದ ಯುನೆಸ್ಕೊ ಜಿಯೋಪಾರ್ಕ್, ಅಂದರೆ ಭೂವಿಜ್ಞಾನದ ಮಹತ್ವಕ್ಕಾಗಿ ಗುರುತಿಸಿದ ತಾಣ. ಸುತ್ತಿಗೆ ಬಳಸಬೇಡಿ, ನೋಡಿದ ತುಂಡನ್ನು ಅಲ್ಲೇ ಬಿಟ್ಟುಬನ್ನಿ.

ಎರಡನೆಯ ದಿನ ಬೆಳಗ್ಗೆ ತೇಲೆಯ ವೀಕ್ಷಣಾ ಗೋಪುರ. ಟೋಬಾದಲ್ಲಿ ಒಂದೇ ಜಾಗಕ್ಕೆ ಸಮಯವಿದ್ದರೆ ಇಲ್ಲಿಗೇ ಬನ್ನಿ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಪೂಸುಕ್ ಬುಹಿತ್ ಬೆಟ್ಟ, ಅದರ ಹಿಂದೆ ಸಾಮೋಸಿರ್ ದ್ವೀಪ ಕಾಣುತ್ತವೆ. ಪೂಸುಕ್ ಬುಹಿತ್ ಕುಸಿತದ ನಂತರ ಎದ್ದ ಜ್ವಾಲಾಮುಖಿ, ಇಲ್ಲಿನ ಮೂಲನಿವಾಸಿಗಳಾದ ಬಾತಕ್ ಜನರಿಗೆ ಮೂಲಪುರುಷನ ಪವಿತ್ರ ಸ್ಥಳ. ಈಗ ಸಾಮೋಸಿರ್‌ನ ಆಕಾರ ಗಮನಿಸಿ. ನಿಮ್ಮ ಕಡೆಗೆ, ಅಂದರೆ ಪಶ್ಚಿಮಕ್ಕೆ, ಅದು ನಿಧಾನವಾಗಿ ಇಳಿಯುತ್ತದೆ. ಗದ್ದೆಗಳು ನೀರಿನವರೆಗೂ ಬಂದಿವೆ. ಎರಡು ದಿನದ ಬಳಿಕ ಪರಾಪತ್ ಕಡೆಯಿಂದ ನೋಡುವಾಗ ಅದೇ ದ್ವೀಪ ನೂರಾರು ಮೀಟರ್ ಎತ್ತರದ ಕಡಿದಾದ ಗೋಡೆಯಾಗಿ ನಿಂತಿರುತ್ತದೆ. ಎರಡೂ ನೋಟ ಸೇರಿದಾಗಲೇ ದ್ವೀಪದ ಹುಟ್ಟು ಸ್ಪಷ್ಟವಾಗುವುದು: ಕುಸಿದ ಚಾವಣಿಯನ್ನು ಕೆಳಗೆ ಉಳಿದ ಶಿಲಾಪಾಕ ಮತ್ತೆ ಮೇಲಕ್ಕೆ ಒತ್ತಿದೆ, ಪೂರ್ವದ ಅಂಚು ಹೆಚ್ಚು ಎದ್ದು ಇಡೀ ಹಾಸು ಪಶ್ಚಿಮಕ್ಕೆ ವಾಲಿದೆ.

ಇದಕ್ಕೆ ಸಾಕ್ಷಿ ದ್ವೀಪದ ಮೇಲೇ ಸಿಗುತ್ತದೆ. ಪಂಗುರುರಾನ್‌ನಿಂದ ಸಿದಿಹೋನಿ ಕಡೆಗೆ ಏರುವ ರಸ್ತೆ ಹಿಡಿಯಿರಿ (ಸಿದಿಹೋನಿ ಎಂದರೆ ದ್ವೀಪದ ಮೇಲಿರುವ ಪುಟ್ಟ ಸರೋವರ). ದಾರಿಯ ಬದಿಯ ಕಡಿತಗಳಲ್ಲಿ ತೆಳು ಪದರಗಳ ನಸುಬಿಳಿ ಮಣ್ಣನ್ನು ಹುಡುಕಿ. ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜಿ ನೋಡಿ. ಟಫ್ ಆಗಿದ್ದರೆ ಮರಳಿನಂತೆ ಒತ್ತುತ್ತದೆ. ಸರೋವರದ ತಳದ ಹೂಳಾಗಿದ್ದರೆ ಮೈದಾದಷ್ಟು ನುಣುಪು, ಕೈಯಲ್ಲಿ ತೂಕವೇ ಇರುವುದಿಲ್ಲ. ಅದರಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಚಿಪ್ಪುಗಳು ತುಂಬಿರುತ್ತವೆ. ನೀರಿನಡಿ ಕೂತ ಹೂಳು ಇಂದಿನ ನೀರಿಗಿಂತ ಇಷ್ಟು ಮೇಲೆ ಇರಬೇಕಾದರೆ ನೆಲವೇ ಎದ್ದಿರಬೇಕು. ಪದರದ ಅಂಚಿಗೆ ಫೋನನ್ನು ಸಮಾನಾಂತರವಾಗಿ ಹಿಡಿದು ವಾಲುವಿಕೆ ಅಳೆಯಿರಿ. ಒಂದೇ ಕಡಿತವನ್ನು ನಂಬಬೇಡಿ, ದಿಬ್ಬ ಜಾರಿ ಮಗುಚಿದ್ದರೆ ಅಳತೆ ದಿಕ್ಕುತಪ್ಪಿಸುತ್ತದೆ. ನಾಲ್ಕೈದು ಕಡೆ ಪಶ್ಚಿಮಕ್ಕೇ ವಾಲಿದ್ದರೆ ಲೆಕ್ಕ ಸರಿ.

ಪಂಗುರುರಾನ್‌ನಲ್ಲಿ ದಾಟುವ ಕಾಲುವೆ ಡಚ್ಚರ ಕಾಲದಲ್ಲಿ ಅಗೆದದ್ದು. ಅದಕ್ಕೆ ಮೊದಲು ಸಾಮೋಸಿರ್ ಕಿರಿದಾದ ನೆಲದ ಪಟ್ಟಿಯಿಂದ ದಂಡೆಗೆ ಅಂಟಿಕೊಂಡಿತ್ತು. ಹತ್ತಿರದಲ್ಲೇ ಪೂಸುಕ್ ಬುಹಿತ್‌ನ ಬುಡದಲ್ಲಿ ಗಂಧಕದ ವಾಸನೆಯ ಬಿಸಿನೀರಿನ ಬುಗ್ಗೆಗಳಿವೆ. ಸ್ನಾನಕ್ಕೆ ಕಟ್ಟಿದ ಕೊಳಗಳಲ್ಲಿ ಮಾತ್ರ ಇಳಿಯಿರಿ; ಮೇಲಿನ ಬೆಳ್ಳಗಾದ ಇಳಿಜಾರಿನಲ್ಲಿ ಕಲ್ಲು ಬೆಂದು ಮೆತ್ತಗಾಗಿರುತ್ತದೆ, ಕಾಲಿಟ್ಟರೆ ಕುಸಿಯಬಹುದು.

ಮೂರನೆಯ ದಿನ ಸಾಮೋಸಿರ್‌ನ ತುಕ್‌ತುಕ್ ಊರಿನಲ್ಲಿ ನೀರಿನ ಕೆಲಸ. ನೀರಿನ ತಿಳಿ ಅಳೆಯುವ ಸೆಕಿ ತಟ್ಟೆ ಮಾಡುವುದು ಸುಲಭ. 20 ಸೆಂ.ಮೀ. ಅಗಲದ ಅಕ್ರಿಲಿಕ್ ಅಥವಾ ತಗಡಿನ ದುಂಡು ತಟ್ಟೆಯನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಮ್ಯಾಟ್ ಬಣ್ಣ ಹಚ್ಚಿ. ನಡುವೆ ತೂತು ಕೊರೆದು, ಅಡಿಯಲ್ಲಿ ಸುಮಾರು ಒಂದೂವರೆ ಕೆ.ಜಿ. ತೂಕ ಕಟ್ಟಿ. 25 ಮೀಟರ್ ಹಗ್ಗಕ್ಕೆ ಅರ್ಧ ಮೀಟರಿಗೊಂದು ಗುರುತು ಹಾಕಿ. ನೈಲಾನ್ ಹಗ್ಗ ಒದ್ದೆಯಾದಾಗ ಹಿಗ್ಗುತ್ತದೆ, ಪಾಲಿಯೆಸ್ಟರ್ ಒಳ್ಳೆಯದು. ಯಾವುದೇ ಆದರೂ ಹಗ್ಗವನ್ನು ನೆನೆಸಿದ ಮೇಲೆಯೇ ಗುರುತು ಹಾಕಬೇಕು.

ಬೆಳಗ್ಗೆ 10ರಿಂದ ಮಧ್ಯಾಹ್ನ 2ರ ನಡುವೆ, ದೋಣಿಯ ನೆರಳು ಬೀಳುವ ಬದಿಯಿಂದ, ತಂಪು ಕನ್ನಡಕ ತೆಗೆದಿಟ್ಟು ತಟ್ಟೆ ಇಳಿಸಿ. ಮರೆಯಾದ ಆಳ ಬರೆದುಕೊಳ್ಳಿ. ಇನ್ನರ್ಧ ಮೀಟರ್ ಬಿಟ್ಟು, ಮೆಲ್ಲಗೆ ಎಳೆಯುತ್ತ ಮತ್ತೆ ಕಂಡ ಆಳ ಬರೆದುಕೊಳ್ಳಿ. ಎರಡರ ಸರಾಸರಿಯೇ ಉತ್ತರ. ದೋಣಿ ತೇಲಿ ಹಗ್ಗ ಓರೆಯಾದರೆ ಅಳತೆ ಸುಳ್ಳಾಗುತ್ತದೆ: 30 ಡಿಗ್ರಿ ಓರೆಯಿದ್ದರೆ 10 ಮೀಟರ್ ಇರುವುದು ಹನ್ನೊಂದೂವರೆ ಎಂದು ತೋರುತ್ತದೆ. ಅಂಥ ಅಳತೆ ಬಿಟ್ಟು ಮತ್ತೆ ಇಳಿಸಿ. ತೆರೆದ ನೀರಿನಲ್ಲಿ ಒಮ್ಮೆ, ಮೀನಿನ ಬಲೆಪಂಜರಗಳ ಪಕ್ಕದಲ್ಲಿ ಒಮ್ಮೆ ಅಳೆದು ಹೋಲಿಸಿ. ಪಂಜರದವರನ್ನು ಕೇಳಿಯೇ ಹತ್ತಿರ ಹೋಗಿ.

ಈ ಹೋಲಿಕೆಗೆ ಅರ್ಥವಿದೆ. ಪಂಜರಗಳಿಗೆ ಸುರಿಯುವ ಮೇವಿನಲ್ಲಿ ತಿನ್ನದೆ ಉಳಿದದ್ದು, ಮೀನಿನ ಹೇಲು ಎಲ್ಲ ತಳಕ್ಕೆ ಇಳಿದು ಕೊಳೆಯುತ್ತ ಅಲ್ಲಿನ ಆಮ್ಲಜನಕವನ್ನು ತೀರಿಸುತ್ತವೆ. ಉಷ್ಣವಲಯದ ಸರೋವರವಾದ್ದರಿಂದ ಮೇಲಿನ ಮತ್ತು ಕೆಳಗಿನ ನೀರಿನ ಉಷ್ಣತೆಯ ಅಂತರ ಕಡಿಮೆ, ಜೋರು ಗಾಳಿ ಕೆಳಗಿನ ನೀರನ್ನು ಮೇಲಕ್ಕೆ ತಂದುಬಿಡಬಲ್ಲದು. 2016ರ ಮೇ ತಿಂಗಳಲ್ಲಿ ಹರಂಗ್ಗಾವೊಲ್ ಕೊಲ್ಲಿಯಲ್ಲಿ ಸಾವಿರ ಟನ್ನಿಗೂ ಹೆಚ್ಚು ಸಾಕು ಮೀನು ಸತ್ತದ್ದು ಆಮ್ಲಜನಕ ಕುಸಿದು. ಸರೋವರದ ನೀರು ಪೂರ್ತಿ ಬದಲಾಗಲು ಸುಮಾರು 80 ವರ್ಷ ಬೇಕು. ಒಳಗೆ ಸೇರಿದ ಕೊಳೆ ಒಂದು ಮಳೆಗಾಲದಲ್ಲಿ ಕೊಚ್ಚಿಹೋಗುವುದಿಲ್ಲ. ಈ ಸರೋವರದ ಬಗ್ಗೆ ಹೇಳಬೇಕಾದ ಅತಿ ಮುಖ್ಯವಾದ ಅಂಕಿ ಆಳದ್ದಲ್ಲ, ಈ 80 ವರ್ಷದ್ದು.

ದೋಣಿಯ ವಿಷಯದಲ್ಲಿ ರಾಜಿ ಬೇಡ. 2018ರ ಜೂನ್‌ನಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿಯೊಂದು ಇಲ್ಲಿ ಮುಳುಗಿ ನೂರೈವತ್ತಕ್ಕೂ ಹೆಚ್ಚು ಮಂದಿ ಕಾಣೆಯಾದರು. ದೋಣಿ ಸಿಕ್ಕದ್ದು ಸುಮಾರು 450 ಮೀಟರ್ ಆಳದಲ್ಲಿ. ತೇಲುಜಾಕೆಟ್ ಕೈಗೆ ಬಂದ ಮೇಲೆಯೇ ಹತ್ತಿ, ಮಧ್ಯಾಹ್ನದ ಗಾಳಿ ಏಳುವ ಮುನ್ನ ದಾಟಿ. ದೋಣಿ ತುಂಬಿದೆ ಎನಿಸಿದರೆ ಇನ್ನೊಂದಕ್ಕೆ ಕಾಯಿರಿ. ಅಜಿಬಾತಾ ಮತ್ತು ಅಂಬರಿತಾ ನಡುವೆ ವಾಹನ ಸಾಗಿಸುವ ದೊಡ್ಡ ಫೆರ್ರಿಯೂ ಇದೆ.

ಪೂರ್ವ ದಂಡೆಯಿಂದ ದಕ್ಷಿಣಕ್ಕೆ ಹೋಗುವಾಗ ಪೊರ್ಸೆಯಾದಲ್ಲಿ ಅಸಹಾನ್ ನದಿಯನ್ನು ನೋಡಿ. ಸರೋವರದಿಂದ ಹೊರಬೀಳುವ ಏಕೈಕ ನದಿ ಇದು. 1980ರ ದಶಕದಿಂದ ಇದರ ಹರಿವನ್ನು ಅಣೆಕಟ್ಟು ನಿಯಂತ್ರಿಸುತ್ತದೆ, ಅದರ ವಿದ್ಯುತ್ತು ಅಲ್ಯೂಮಿನಿಯಂ ಕಾರ್ಖಾನೆಗೆ ಹೋಗುತ್ತದೆ. ಸರೋವರದ ಹರವು ಸುಮಾರು 1,130 ಚದರ ಕಿ.ಮೀ.; ಮಟ್ಟ ಒಂದು ಮೀಟರ್ ಇಳಿದರೆ ಹೋಗುವ ನೀರು ನಮ್ಮ ಲೆಕ್ಕದಲ್ಲಿ 40 ಟಿಎಂಸಿ. ದಂಡೆಯ ಬಂಡೆಗಳ ಮೇಲೆ ತಿಳಿಬಣ್ಣದ ಅಡ್ಡಪಟ್ಟಿ ಕಂಡರೆ ಹಿಂದೆ ನೀರು ಎಲ್ಲಿವರೆಗಿತ್ತು ಎನ್ನುವುದು ಗೊತ್ತಾಗುತ್ತದೆ. ಕೊನೆಯ ದಿನ ಹುತಾ ಗಿಂಜಾಂಗ್‌ನಿಂದ ದಕ್ಷಿಣದ ನೋಟ ಮುಗಿಸಿದರೆ ಸಿಲಂಗಿತ್ ನಿಲ್ದಾಣ ಹತ್ತಿರ.

ಟೋಬಾಕ್ಕೆ ಹೋಗಲಾಗದವರಿಗೂ ಒಂದು ದಾರಿ ಇದೆ. ಆ ಸ್ಫೋಟದ ಬೂದಿ 2,600 ಕಿ.ಮೀ.ಗೂ ದೂರದ ಆಂಧ್ರದ ಬನಗಾನಪಲ್ಲಿ ಬಳಿಯ ಜ್ವಾಲಾಪುರಂನಲ್ಲಿ ದಪ್ಪ ಪದರವಾಗಿ ಕೂತಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಪುರಾತತ್ವಜ್ಞ ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಬೂದಿಯ ಕೆಳಗೂ ಮೇಲೂ ಶಿಲಾಯುಧಗಳನ್ನು ಕಂಡು 2007ರಲ್ಲಿ ಪ್ರಕಟಿಸಿತು. ಬಳ್ಳಾರಿ ಕಡೆಯವರಿಗೆ ಅದು ದೂರವೇನಲ್ಲ. ಮಳೆಗಾಲ ಕಳೆದ ಮೇಲೆ ಹೋಗಿ, ಜಮೀನಿನವರನ್ನು ಕೇಳಿ ಒಳಗೆ ಕಾಲಿಡಿ. ಪುರಾತತ್ವದ ನೆಲೆಯಾದ್ದರಿಂದ ಗೋಡೆಯನ್ನು ಕೆರೆಯಬಾರದು, ಬುಡದಲ್ಲಿ ಉದುರಿದ ಬೂದಿಯಲ್ಲೇ ಒಂದು ಚಿಟಿಕೆ ಸಾಕು. ಪದರದ ಎಲ್ಲ ದಪ್ಪವೂ ಆಕಾಶದಿಂದ ಬಿದ್ದದ್ದಲ್ಲ. ತಳದ ಕೆಲವೇ ಸೆಂಟಿಮೀಟರ್ ನೇರವಾಗಿ ಬಿದ್ದದ್ದು, ಉಳಿದದ್ದು ಸುತ್ತಲಿನ ಇಳಿಜಾರುಗಳಿಂದ ಮಳೆನೀರು ತಂದು ಸೇರಿಸಿದ್ದು.

ಮನೆಗೆ ಬಂದು ಚಿಟಿಕೆ ಬೂದಿಯನ್ನು ಲೋಟ ನೀರಿಗೆ ಹಾಕಿ ಕದಡಿ, ಎರಡು ನಿಮಿಷ ಬಿಟ್ಟು, ಮೇಲಿನ ಕದಡು ನೀರು ಚೆಲ್ಲಿ. ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ಹೀಗೆ ಮಾಡಿ. ಅವಸರದಿಂದ ಚೆಲ್ಲಿದರೆ ಬೇಕಾದ ಸಣ್ಣ ಚೂರುಗಳೇ ಹೋಗಿ ಊರಿನ ಮರಳು ಉಳಿಯುತ್ತದೆ. ತಳದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ 100 ಪಟ್ಟು ಮಾಡಿ ನೋಡಿ. ಮರಳು ಉರುಟಾಗಿ ಕಾಣುತ್ತದೆ. ಬೂದಿ ಮಾತ್ರ ಬಾಗಿದ, ಚೂಪಂಚಿನ ಪಾರದರ್ಶಕ ಗಾಜು. ಕೆಲವು ಚೂರುಗಳಿಗೆ ಮೂರು ಕವಲು. ಅವು ಶಿಲಾಪಾಕದ ಗುಳ್ಳೆಗಳು ಒಡೆದಾಗ ಉಳಿದ ಗೋಡೆಗಳು. ನಿಂಬೆರಸ ಹಾಕಿದಾಗ ನೊರೆ ಬಂದರೆ ಬೂದಿಯಲ್ಲವೆಂದು ಎಸೆಯಬೇಡಿ. ಆ ಪ್ರದೇಶ ಸುಣ್ಣಕಲ್ಲಿನದು. ನೊರೆ ಬರುವುದು ಬೂದಿಗೆ ಆಮೇಲೆ ಸೇರಿದ ಸುಣ್ಣದಿಂದ. ನೊರೆ ನಿಂತ ಮೇಲೆ ಇನ್ನೊಮ್ಮೆ ತೊಳೆದು ನೋಡಿದರೆ ಗಾಜು ಇನ್ನಷ್ಟು ಸ್ವಚ್ಛವಾಗಿ ಕಾಣುತ್ತದೆ.