ಶೋ ಹತ್ತಿರ ಬಂದಾಗ ಸ್ಟಿಕ್ ಹಿಡಿಯೋದನ್ನು ಮತ್ತೆ ಕಲಿತೆ

ದೊಡ್ಡ ಶೋ ಮುಂದಿಟ್ಟುಕೊಂಡು ಗ್ರಿಪ್, ಅಂದರೆ ಸ್ಟಿಕ್ ಹಿಡಿಯುವ ರೀತಿ, ಬದಲಿಸಬೇಡಿ ಅಂತ ಡ್ರಮ್ಮರ್‌ಗಳು ಹೇಳುವುದುಂಟು. ಮಾತು ಸರಿಯೇ. ಆದರೆ ನನಗೆ ಬೇರೆ ದಾರಿ ಇರಲಿಲ್ಲ. ವೇಗದ ಹಾಡುಗಳು ಒಂದರ ಹಿಂದೆ ಒಂದು ಬಂದರೆ ಬಲ ಮುಂಗೈ ಕಲ್ಲಿನಂತಾಗುತ್ತಿತ್ತು. ಹೈ-ಹ್ಯಾಟ್ (ಪೆಡಲ್‌ನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್) ಮೇಲೆ ಬೀಟ್‌ಗೆ ನಾಲ್ಕು ಹೊಡೆತ ಬೀಳಬೇಕಾದ ಕಡೆ ಕೈ ಹಿಂದೆ ಬೀಳುತ್ತಿತ್ತು.

ಕಾರಣ ಸರಳ. ಹೊಡೆದ ಮೇಲೆ ಸ್ಟಿಕ್ ತಾನಾಗಿಯೇ ಪುಟಿದು ಮೇಲೇಳುತ್ತದೆ. ಮುಷ್ಟಿ ಬಿಗಿದರೆ ಆ ಪುಟಿತ ಅಲ್ಲೇ ಸಾಯುತ್ತದೆ. ಆಮೇಲೆ ಪ್ರತಿ ಸಲವೂ ಅದನ್ನು ನಾವೇ ಎತ್ತಬೇಕು. ಸುಸ್ತಾಗದೆ ಇನ್ನೇನು?

ಹಾಗಾಗಿ ಸ್ಟಿಕ್ ಎಲ್ಲಿ ಹಿಡಿಯಬೇಕು ಅನ್ನುವುದರಿಂದಲೇ ಶುರು ಮಾಡಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿದು, ತುದಿಯನ್ನು ಅಭ್ಯಾಸದ ಪ್ಯಾಡ್ ಮೇಲೆ ಸುಮ್ನೆ ಬೀಳಲು ಬಿಟ್ಟೆ. ಬೆರಳನ್ನು ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಸರಿಸುತ್ತಾ ನೋಡಿದೆ. ಎಲ್ಲಿ ಹಿಡಿದಾಗ ಅತಿ ಹೆಚ್ಚು ಸಲ ಪುಟಿಯುತ್ತದೋ ಅದೇ ಜಾಗ. ನನ್ನ 16 ಇಂಚಿನ 5ಎ (ಮಧ್ಯಮ ದಪ್ಪದ) ಸ್ಟಿಕ್‌ನಲ್ಲಿ ಅದು ಹಿಂದಿನ ತುದಿಯಿಂದ ಸುಮಾರು 5 ಇಂಚಿನಲ್ಲಿ ಸಿಕ್ಕಿತು. ಜೋರಾಗಿ ಬಾರಿಸುವಾಗ ಮಾತ್ರ ಭಾರವನ್ನು ನಡುಬೆರಳಿಗೆ ಬಿಟ್ಟೆ, ಸ್ಟಿಕ್ ಜಾರುವ ಭಯ ಕಡಿಮೆಯಾಯಿತು. ಕೊನೆಯ ಎರಡು ಬೆರಳು ಗಾಳಿಯಲ್ಲಿ ತೇಲಬಾರದು. ಬಿಗಿಯದೆ ಸ್ಟಿಕ್‌ಗೆ ತಾಗಿಕೊಂಡಿರಬೇಕು, ಪುಟಿದು ಬಂದದ್ದನ್ನು ಮತ್ತೆ ಕೆಳಗೆ ಕಳಿಸುವುದು ಅವೇ.

ಜರ್ಮನ್ (ಅಂಗೈ ಕೆಳಮುಖ), ಅಮೆರಿಕನ್, ಫ್ರೆಂಚ್ ಅಂತ ಮೂರು ಬಗೆಯ ಗ್ರಿಪ್ ಇವೆಯಲ್ವಾ, ಒಂದನ್ನೇ ಹಿಡಿದು ಕೂರುವ ಹಟ ನನಗಿಲ್ಲ. ಸ್ನೇರ್‌ಗೆ (ಎದುರಿಗಿರುವ ಮುಖ್ಯ ಡ್ರಮ್) ಅಂಗೈ ಕೊಂಚ ಓರೆಯಾದ ಅಮೆರಿಕನ್. ತಾಳ ಹಿಡಿಯುವ ದೊಡ್ಡ ರೈಡ್ ಸಿಂಬಲ್‌ಗೆ ಹೆಬ್ಬೆರಳು ಮೇಲೆ ಬರುವ ಫ್ರೆಂಚ್, ಅಲ್ಲಿ ಮಣಿಕಟ್ಟಿಗಿಂತ ಬೆರಳುಗಳದ್ದೇ ಕೆಲಸ ಜಾಸ್ತಿ.

ಅಭ್ಯಾಸ ಅಂದರೆ, ಮೆಟ್ರೊನೋಮ್ (ವೇಗ ತೋರಿಸುವ ಯಂತ್ರ) ನಿಮಿಷಕ್ಕೆ 60 ಬೀಟ್‌ಗೆ ಇಟ್ಟು ಸಿಂಗಲ್ಸ್ (ಕೈಗೆ ಒಂದೊಂದು ಹೊಡೆತ), ಡಬಲ್ಸ್ (ಎರಡೆರಡು), ಪ್ಯಾರಾಡಿಡಲ್ (ಎರಡರ ಬೆರಕೆ). ಎರಡೂ ಸ್ಟಿಕ್ ಒಂದೇ ಎತ್ತರಕ್ಕೆ ಏಳುತ್ತಿವೆಯಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳುವುದು. ಇದು ಬೇಸರದ ಕೆಲಸ, ಆದರೆ ಕಷ್ಟದ್ದಲ್ಲ.

ಕಷ್ಟ ಇದ್ದದ್ದು ಬ್ಯಾಂಡ್ ಜೊತೆ ಕೂತಾಗ. ಗಿಟಾರ್ ಸದ್ದು ಏರಿದ ಕೂಡಲೇ ಹಳೆಯ ಮುಷ್ಟಿ ವಾಪಸ್! ಪ್ಯಾಡ್ ಮೇಲೆ ಮೆಲ್ಲಗೆ ಕಲಿತದ್ದು ಜೋರು ಸದ್ದಿಗೆ ತಾನಾಗಿ ಬರುವುದಿಲ್ಲ. ಅದಕ್ಕೇ ಇಯರ್‌ಪ್ಲಗ್ ಹಾಕಿಕೊಂಡು, ಶೋನಲ್ಲಿ ಬಾರಿಸುವಷ್ಟೇ ಜೋರಾಗಿ, ಹಾಡುಗಳನ್ನು ನಿಧಾನ ವೇಗದಲ್ಲಿ ಬಾರಿಸಿದೆ. ವೇಗ ಕಡಿಮೆ, ಸದ್ದು ಪೂರ್ತಿ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೊಂದೇ. ಸೆಟ್‌ಲಿಸ್ಟ್‌ನಲ್ಲಿ (ಶೋನ ಹಾಡುಗಳ ಪಟ್ಟಿ) ಕೈ ಸಡಿಲಿಸುವ ಜಾಗಗಳಿಗೆ ಗುರುತು ಹಾಕಿಕೊಂಡೆ: ಫಿಲ್ (ಹಾಡಿನ ಭಾಗಗಳ ನಡುವಿನ ಚಿಕ್ಕ ಡ್ರಮ್ ತುಣುಕು) ಮುಗಿದು ಕ್ರ್ಯಾಶ್ ಸಿಂಬಲ್ ಮೇಲೆ ಹೊಡೆತ ಬಿದ್ದ ಕ್ಷಣ ಭುಜ ಇಳಿಸು, ಉಸಿರು ಬಿಡು. ಭುಜ ಮೇಲೆದ್ದರೆ ಬೆರಳೂ ಬಿಗಿಯುತ್ತದೆ, ಇದನ್ನು ಜನ ಗಮನಿಸುವುದೇ ಕಡಿಮೆ.

ಎಡಗೈ ಪೂರ್ತಿ ಪಳಗಿರಲಿಲ್ಲ. ಜೋರು ರಿಮ್‌ಶಾಟ್ (ಡ್ರಮ್‌ನ ಮೇಲ್ಮೈಗೂ ಅಂಚಿಗೂ ಒಟ್ಟಿಗೆ ಬೀಳುವ ಹೊಡೆತ) ಇದ್ದ ಒಂದು ಹಾಡಿಗೆ ಹಳೆಯ ಹಿಡಿತವನ್ನೇ ಉಳಿಸಿಕೊಂಡೆ. ಶೋ ದಿನ ಪ್ರಯೋಗ ಯಾಕೆ?

ವೇದಿಕೆಯಲ್ಲಿ ಮೊದಲ ಹಾಡಿಗೆ ಕೈ ಬಿಗಿಯಿತು, ಮೊದಲ ಗುರುತು ಬಂದಾಗ ಸಡಿಲವಾಯಿತು. ವೇಗದ ಹಾಡುಗಳಲ್ಲಿ ಮುಂಗೈ ತಕರಾರು ಮಾಡಲಿಲ್ಲ. ಬೆವರಿಗೆ ಒಂದು ಸ್ಟಿಕ್ ಜಾರಿ ಬಿತ್ತು. ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ಡ್ರಮ್) ಪಕ್ಕದ ಚೀಲದಲ್ಲಿ ಇನ್ನೊಂದಿತ್ತು, ಎಳೆದುಕೊಂಡು ಮುಂದುವರಿಸಿದೆ.