ತಾಲೀಮಿನಲ್ಲಿ ಸಿದ್ಧಾಂತವನ್ನು ಒರೆಗೆ ಹಚ್ಚಿದ ಬಗೆ

ಪ್ರದರ್ಶನ ಅಧ್ಯಯನದ ಸ್ನಾತಕೋತ್ತರ ಪದವಿಗಾಗಿ ನಾನು ಒಂದು ಏಕವ್ಯಕ್ತಿ ಪ್ರಯೋಗವನ್ನೂ ಅದರೊಂದಿಗೆ ಒಂದು ಪ್ರಬಂಧವನ್ನೂ ಸಲ್ಲಿಸಬೇಕಾಗಿತ್ತು. ಮೊದಲ ನಾಲ್ಕು ತಿಂಗಳನ್ನು ಓದಿನಲ್ಲೇ ಕಳೆದು, ಓದಿದ್ದನ್ನು ರಂಗದ ಮೇಲೆ ತೋರಿಸಲು ಹೊರಟೆ. ಅದನ್ನು ನೋಡಿದ ಮಾರ್ಗದರ್ಶಕರು, "ಪ್ರಬಂಧದಲ್ಲಿ ಇಲ್ಲದ್ದು ಇದರಲ್ಲಿ ಏನಿದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ವಿಷಯದ ವಿಸ್ತಾರವನ್ನೆಲ್ಲ ಬಿಟ್ಟು, ನನ್ನ ತಾಯಿ ದೊಡ್ಡ ಹೊದಿಕೆಯನ್ನು ಮಡಿಸುವ ಕ್ರಿಯೆಯೊಂದನ್ನೇ ಆರಿಸಿಕೊಂಡೆ. ಪ್ರದರ್ಶನ ಅಧ್ಯಯನದ ಚಿಂತಕ ರಿಚರ್ಡ್ ಶೆಕ್ನರ್ ಅವರ 'ಮರುಸ್ಥಾಪಿತ ವರ್ತನೆ' ಎಂಬ ಪರಿಕಲ್ಪನೆಯ ಪ್ರಕಾರ, ಚಲನಚಿತ್ರ ನಿರ್ದೇಶಕರು ಫಿಲ್ಮಿನ ತುಣುಕುಗಳನ್ನು ಬಳಸುವಂತೆ ವರ್ತನೆಯ ತುಣುಕುಗಳನ್ನೂ ಮೂಲದಿಂದ ಬೇರ್ಪಡಿಸಿ ಬೇರೆ ಕ್ರಮದಲ್ಲಿ ಜೋಡಿಸಬಹುದು. ಈ ಮಾತನ್ನು ಉಲ್ಲೇಖಿಸಿ ಸುಮ್ಮನಾಗದೆ, ಮಡಿಸುವ ಕ್ರಿಯೆಯನ್ನು ಏಳು ತುಣುಕುಗಳಾಗಿ ಒಡೆದು, ಕ್ರಮ ಬದಲಿಸಿ ಅಭ್ಯಾಸ ಮಾಡಿದೆ. ಐದನೆಯದನ್ನು ಎರಡನೆಯದರ ಮುಂದೆ ತಂದಾಗಲೆಲ್ಲ ತೋಳುಗಳು ತಡವರಿಸುತ್ತಿದ್ದವು. ಏಕೆಂದರೆ ಬಟ್ಟೆಯ ಭಾರ ಹಿಂದಿನ ತುಣುಕಿನಿಂದ ಮುಂದಿನದಕ್ಕೆ ಹರಿದು ಬರುತ್ತದೆ. ತುಣುಕುಗಳ ನಡುವೆ ನಾನೇ ಹೊಸ ಚಲನೆಗಳನ್ನು ಸೇರಿಸಬೇಕಾಯಿತು. ಪರಿಕಲ್ಪನೆ ಸುಳ್ಳಾಗಲಿಲ್ಲ. ಆದರೆ ಮರುಜೋಡಣೆಗೆ ದೇಹ ತೆರಬೇಕಾದ ಬೆಲೆ ಎಷ್ಟೆಂಬುದು ಓದುವಾಗ ನನಗೆ ಹೊಳೆದೇ ಇರಲಿಲ್ಲ.

ಇನ್ನೊಂದು ತೊಡಕು, ತಾಯಿ ಹೊದಿಕೆ ಮಡಿಸುವುದನ್ನು ನಾನು ಚಿತ್ರೀಕರಿಸಿಕೊಂಡಿದ್ದ ವಿಡಿಯೊದಲ್ಲಿತ್ತು. ದಾಖಲೆಗಳ ಭಂಡಾರ ಮತ್ತು ದೇಹದಿಂದ ದೇಹಕ್ಕೆ ಸಾಗುವ ಅರಿವು, ಇವೆರಡರ ನಡುವೆ ಇದೇ ಕ್ಷೇತ್ರದ ವಿದ್ವಾಂಸೆ ಡಯಾನಾ ಟೇಲರ್ ಅವರು 2003ರ ತಮ್ಮ ಗ್ರಂಥದಲ್ಲಿ ಮಾಡಿದ ವ್ಯತ್ಯಾಸವನ್ನು ನಾನು ಬಾಯಿಪಾಠದಂತೆ ಬಲ್ಲೆ. ಆದರೂ ಎರಡು ವಾರ ಆ ವಿಡಿಯೊವನ್ನು ನೋಡಿಯೇ ಕೈಗಳನ್ನು ಅನುಕರಿಸಿದೆ. ಹೊದಿಕೆಯ ಇನ್ನೊಂದು ತುದಿಯನ್ನು ಹಿಡಿದು ಬಾಲ್ಯದಲ್ಲಿ ಎದುರು ನಿಂತಿದ್ದವಳು ನಾನೇ ಎಂಬುದು, ಗೆಳತಿಯೊಬ್ಬಳು ತಾಲೀಮಿನಲ್ಲಿ ಆ ತುದಿಯನ್ನು ಹಿಡಿದ ಕ್ಷಣದಲ್ಲಿ ಮೈಗೆ ನೆನಪಾಯಿತು. ನಾನು ಕಲಿತದ್ದು ತಾಯಿಯ ಚಲನೆಯನ್ನಲ್ಲ, ಅದಕ್ಕೆ ಎದುರಾದ ನನ್ನ ಚಲನೆಯನ್ನು.

ಇಂಥವು ಕೈತಪ್ಪಿ ಹೋಗದಂತೆ ಒಂದು ನಿಯಮ ಮಾಡಿಕೊಂಡೆ. ತಾಲೀಮು ಮುಗಿದ ಹತ್ತು ನಿಮಿಷಗಳೊಳಗೆ ನೋಟ್‌ಪುಸ್ತಕದ ಎಡಪುಟದಲ್ಲಿ, ಯಾವ ಚಿಂತಕರ ಹೆಸರನ್ನೂ ಪರಿಭಾಷೆಯನ್ನೂ ತರದೆ, ನಡೆದದ್ದನ್ನಷ್ಟೇ ಬರೆಯುವುದು. ಬಲಪುಟವನ್ನು ಒಂದು ವಾರ ಖಾಲಿ ಬಿಟ್ಟು, ಆಮೇಲೆ ಓದಿನೊಂದಿಗೆ ಹೋಲಿಸಿ ತುಂಬುವುದು. ನನ್ನ ಮಟ್ಟಿಗೆ ಆ ಒಂದು ವಾರದ ಅಂತರವೇ ಎಲ್ಲಕ್ಕಿಂತ ಮುಖ್ಯವಾಯಿತು. ಅದಿಲ್ಲದಿದ್ದರೆ ಗೊತ್ತಿರುವ ಪದಗಳು ಅನುಭವವನ್ನು ಕೂಡಲೇ ತಮ್ಮ ಅಳತೆಗೆ ಕತ್ತರಿಸಿಬಿಡುತ್ತವೆ. ಬಲಪುಟ ಖಾಲಿಯೇ ಉಳಿದ ದಿನಗಳೂ ಇದ್ದವು, ಮತ್ತು ಪ್ರಬಂಧದ ಮೂರನೆಯ ಅಧ್ಯಾಯ ಹುಟ್ಟಿದ್ದು ಆ ಖಾಲಿ ಪುಟಗಳಿಂದ.

ಅಂತಿಮ ಪ್ರಯೋಗದಲ್ಲಿ ಹೊದಿಕೆಯ ಇನ್ನೊಂದು ತುದಿಯನ್ನು ಪ್ರೇಕ್ಷಕರೊಬ್ಬರ ಕೈಗೆ ಕೊಟ್ಟೆ. ಅವರು ನಾನು ಎಣಿಸಿದ್ದಕ್ಕಿಂತ ಬೇಗ ಎಳೆದರು, ಮತ್ತು ನನ್ನ ಏಳು ತುಣುಕುಗಳ ಕ್ರಮ ಅಲ್ಲಿಯೇ ಬದಲಾಯಿತು. ಅಂದಿನ ಎಡಪುಟವನ್ನು ತಿದ್ದದೆ ಹಾಗೆಯೇ ಪ್ರಬಂಧದ ಕೊನೆಗೆ ಸೇರಿಸಿದೆ.