ಪ್ರೈಮರ್ ಕೂರಿಸುವ ಟೂಲ್: ನಾನು ಯಾವುದನ್ನು ಆರಿಸಿಕೊಂಡೆ, ಯಾಕೆ

ರೀಲೋಡಿಂಗ್‌ಗೆ, ಅಂದರೆ ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೇಸನ್ನು ಮತ್ತೆ ತುಂಬಿ ತೋಟಾ ಮಾಡೋದಕ್ಕೆ, ಇಳಿಯುವವರು ಪ್ರೆಸ್ (ಕೇಸನ್ನು ಒತ್ತುವ ಯಂತ್ರ), ಡೈ (ಅದರಲ್ಲಿ ಕೂರಿಸುವ ಅಚ್ಚು), ತಕ್ಕಡಿ ಇವುಗಳ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಮದ್ದನ್ನು ಹೊತ್ತಿಸುವ ಪ್ರೈಮರ್ ವಿಷಯಕ್ಕೆ ಬಂದರೆ ಮಾತ್ರ, ಅದನ್ನು ಕೂರಿಸೋದಕ್ಕೆ ಪ್ರೆಸ್ ಜೊತೆ ಬಂದ ಚಿಕ್ಕ ತೋಳು ಇದೆಯಲ್ಲ, ಅದೇ ಸಾಕು ಅಂತ ಮುಂದಕ್ಕೆ ಹೋಗುತ್ತಾರೆ. ನಾನು ಶುರು ಮಾಡಿದ್ದೂ ಹಾಗೇ. ಈಗ ನನ್ನ ಬೆಂಚಿನ ಮೇಲೆ ಎರಡು ಟೂಲ್ ಇವೆ: ರೈಫಲ್ ಕೇಸ್‌ಗೆ ಕೈಯಲ್ಲಿ ಹಿಂಡುವಂಥದ್ದು, ಪಿಸ್ತೂಲ್ ಕೇಸ್‌ಗೆ ಬೆಂಚಿಗೆ ಬಿಗಿದಿರುವಂಥದ್ದು.

ಮೊದಲು ಪ್ರೈಮರ್ ಒಳಗೆ ಏನಿದೆ ನೋಡೋಣ. ಒಂದು ಪುಟ್ಟ ಲೋಹದ ಕಪ್. ಅದರ ತಳದಲ್ಲಿ ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಮಿಶ್ರಣ. ಅದರ ಮೇಲೆ ಅನ್ವಿಲ್ ಅನ್ನುವ ಪುಟ್ಟ ಕಾಲುಗಳ ತುಂಡು. ಕಪ್ಪನ್ನು ಕೇಸಿನ ತಳದಲ್ಲಿರುವ ಗುಳಿಗೆ, ಅಂದರೆ ಪಾಕೆಟ್‌ಗೆ, ತಳ್ಳಿದಾಗ ಮೊದಲು ಅನ್ವಿಲ್‌ನ ಕಾಲು ಪಾಕೆಟ್‌ನ ತಳ ಮುಟ್ಟಬೇಕು. ಆಮೇಲೆ ಇನ್ನೊಂಚೂರು ಒತ್ತಿದಾಗ ಅನ್ವಿಲ್ ಮಿಶ್ರಣದ ಮೇಲೆ ಬಿಗಿಯಾಗಿ ಕೂರಬೇಕು. ಆಗಲೇ ಬಂದೂಕಿನ ಫೈರಿಂಗ್ ಪಿನ್ (ಪ್ರೈಮರ್‌ಗೆ ಹೊಡೆಯುವ ಕಡ್ಡಿ) ಕೊಡುವ ಪೆಟ್ಟು ಪೂರ್ತಿ ಕೆಲಸಕ್ಕೆ ಬರೋದು. ಕಾಲು ತಳ ಮುಟ್ಟದೇ ಇದ್ದರೆ ಪಿನ್‌ನ ಪೆಟ್ಟಿನಲ್ಲಿ ಒಂದಷ್ಟು ಭಾಗ ಪ್ರೈಮರನ್ನು ಒಳಗೆ ತಳ್ಳೋದಕ್ಕೇ ಖರ್ಚಾಗುತ್ತದೆ. ಮೊದಲ ಪೆಟ್ಟಿಗೆ ಠುಸ್, ಎರಡನೇ ಪೆಟ್ಟಿಗೆ ಢಂ. ಇಂಥ ತೋಟಾ ಸಿಕ್ಕರೆ ಪ್ರೈಮರ್ ಕಂಪನಿಯನ್ನು ಬೈಯೋ ಮೊದಲು ಕೂರಿಸಿದ ರೀತಿಯನ್ನು ಅನುಮಾನಿಸಿ.

ಇದಕ್ಕಿಂತ ದೊಡ್ಡ ಅಪಾಯ ಪ್ರೈಮರ್ ಕೇಸಿನ ತಳಕ್ಕಿಂತ ಹೊರಗೆ ಉಬ್ಬಿ ನಿಲ್ಲೋದು. ಎಆರ್-15, ಎಂ1 ಗ್ಯಾರಂಡ್, ಎಸ್‌ಕೆಎಸ್ ಥರದ ಬಂದೂಕುಗಳಲ್ಲಿ ಫೈರಿಂಗ್ ಪಿನ್ ಸಡಿಲವಾಗಿ ತೇಲುತ್ತಿರುತ್ತದೆ. ತೋಟಾವನ್ನು ಒಳಗೆ ತಳ್ಳುವ ಬೋಲ್ಟ್ ರಭಸದಿಂದ ಮುಂದೆ ಬಂದು ಮುಚ್ಚಿಕೊಳ್ಳುವಾಗ ಉಬ್ಬಿದ ಪ್ರೈಮರ್‌ಗೆ ಪೆಟ್ಟು ಬಿದ್ದರೆ ಟ್ರಿಗರ್ ಮುಟ್ಟದೇ ಗುಂಡು ಹಾರಬಹುದು. ಸ್ಲ್ಯಾಮ್ ಫೈರ್ ಅನ್ನೋದು ಇದನ್ನೇ. ಹಾಗಾಗಿ ಪ್ರೈಮರ್ ಕೇಸಿನ ತಳಕ್ಕಿಂತ 0.003ರಿಂದ 0.005 ಇಂಚಿನಷ್ಟು ಒಳಗಿರಬೇಕು ಅನ್ನೋದು ರೂಢಿ. ಮಿಲಿಮೀಟರ್ ಲೆಕ್ಕದಲ್ಲಿ ಸುಮಾರು 0.08ರಿಂದ 0.13.

ಇಷ್ಟು ಸಣ್ಣ ಅಳತೆಯನ್ನು ಕೈಯೇ ಗುರುತಿಸಬೇಕು. ಟೂಲ್ ಆರಿಸುವಾಗ ನಾನು ನೋಡಿದ್ದು ಇದೊಂದನ್ನೇ ಅಂದರೂ ನಡೆಯುತ್ತದೆ.

ಪ್ರೆಸ್‌ನ ತೋಳಿನಲ್ಲಿ ತೊಂದರೆ ಇರೋದು ಬಲದಲ್ಲಿ. ರೈಫಲ್ ಕೇಸನ್ನೇ ಹಿಂಡಿ ಸೈಜ್ ಮಾಡೋದಕ್ಕೆ ಅಂತ ಮಾಡಿದ ಹಿಡಿಕೆ ಅದು. ಅದೇ ಹಿಡಿಕೆಯಿಂದ ಪ್ರೈಮರ್ ತಳ್ಳಿದರೆ ಕಾಲು ತಳ ಮುಟ್ಟಿದ್ದು, ಕಪ್ ಚಪ್ಪಟೆ ಆಗಿದ್ದು, ಎರಡಕ್ಕೂ ವ್ಯತ್ಯಾಸ ಗೊತ್ತಾಗೋದಿಲ್ಲ. ಕೆಲವರು ಅಭ್ಯಾಸದಿಂದ ಅದರಲ್ಲೇ ಚೆನ್ನಾಗಿ ಕೂರಿಸುತ್ತಾರೆ, ಇಲ್ಲ ಅನ್ನೋದಿಲ್ಲ. ನನಗೆ ಒಗ್ಗಲಿಲ್ಲ. ಒಂದೊಂದೇ ಪ್ರೈಮರನ್ನು ಬೆರಳಲ್ಲಿ ಎತ್ತಿ ತೋಳಿನ ತುದಿಗೆ ಇಡೋದೂ ಬೇಜಾರು.

ಕೈ ಟೂಲ್‌ನಲ್ಲಿ ಬಲ ಕಡಿಮೆ. ಅದೇ ಅದರ ಒಳ್ಳೇ ಗುಣ. ಹಿಡಿಕೆ ಹಿಂಡಿದಾಗ ಮೊದಲು ಪ್ರೈಮರ್ ಪಾಕೆಟ್‌ನ ಬಾಯಿಗೆ ಸಿಕ್ಕಿದ್ದು ಗೊತ್ತಾಗುತ್ತದೆ. ಆಮೇಲೆ ಒಂದೇ ಸಮನಾದ ಉಜ್ಜಾಟ. ಕೊನೆಗೆ ತಟ್ಟನೆ ಗಟ್ಟಿ ನೆಲ ಸಿಕ್ಕ ಹಾಗೆ ನಿಲ್ಲುತ್ತದೆ. ಅಲ್ಲಿಂದ ಒಂಚೂರು ಒತ್ತಿ ಬಿಟ್ಟುಬಿಡೋದು. ಇನ್ನೊಂದು ಲಾಭ ನನಗೆ ಆಮೇಲೆ ಅರ್ಥವಾಯಿತು. ಉಜ್ಜಾಟವೇ ಇಲ್ಲದೆ ಪ್ರೈಮರ್ ಸುಮ್ನೆ ಜಾರಿ ಒಳಗೆ ಹೋಯಿತು ಅಂದರೆ ಆ ಕೇಸಿನ ಪಾಕೆಟ್ ಹಿಗ್ಗಿದೆ ಅಂತ. ಹಿತ್ತಾಳೆಯ ಆಯಸ್ಸು ಮುಗಿದಿದೆ. ನಾನು ಅಂಥವನ್ನು ಆಗಲೇ ಬೇರೆ ಡಬ್ಬಕ್ಕೆ ಹಾಕುತ್ತೇನೆ. ಒಂದೇ ಲಾಟಿನಲ್ಲಿ ಹೀಗೆ ತುಂಬಾ ಬಂದರೆ ಮದ್ದಿನ ಪ್ರಮಾಣ ಜಾಸ್ತಿ ಆಗಿದೆಯಾ ಅಂತಲೂ ನೋಡಬೇಕು.

ಕೈ ಟೂಲ್‌ಗಳಲ್ಲೂ ಬೇರೆ ಬೇರೆ ಥರ. ಲೀ ಕಂಪನಿಯ ಹಳೇ ಆಟೋ ಪ್ರೈಮ್ ಹಗುರ, ಸರಳ. ಆದರೆ ಅದಕ್ಕೆ ಪ್ರೆಸ್‌ನ ಶೆಲ್ ಹೋಲ್ಡರ್ (ಕೇಸಿನ ತಳವನ್ನು ಹಿಡಿದುಕೊಳ್ಳುವ ತುಂಡು) ಆಗೋದಿಲ್ಲ, ಅದರದ್ದೇ ಬೇಕು. ಆರ್‌ಸಿಬಿಎಸ್‌ನ ಯೂನಿವರ್ಸಲ್ ಕೈ ಟೂಲ್‌ಗೆ ಶೆಲ್ ಹೋಲ್ಡರೇ ಬೇಡ, ಅದರ ದವಡೆ ತಾನೇ ಕೇಸಿನ ತಳದ ಅಂಚನ್ನು ಹಿಡಿದುಕೊಳ್ಳುತ್ತದೆ. ಬೇರೆ ಬೇರೆ ಕ್ಯಾಲಿಬರ್ ಮಾಡುವವರಿಗೆ ಇದು ದೊಡ್ಡ ಅನುಕೂಲ. ಜೊತೆಗೆ ಟ್ರೇಯಲ್ಲಿರುವ ಪ್ರೈಮರ್‌ಗಳಿಗೂ ಕೂರುತ್ತಿರುವ ಪ್ರೈಮರ್‌ಗೂ ಮಧ್ಯೆ ಒಂದು ಗೇಟ್ ಅಡ್ಡ ಬರುತ್ತದೆ. ಒಂದು ಸಿಡಿದರೂ ಟ್ರೇ ಪೂರ್ತಿ ಹೊತ್ತಿಕೊಳ್ಳದಿರಲಿ ಅಂತ. ಫ್ರಾಂಕ್‌ಫರ್ಡ್ ಆರ್ಸೆನಲ್‌ನ ಪರ್ಫೆಕ್ಟ್ ಸೀಟ್‌ನಲ್ಲಿ ಆಳವನ್ನು ಹೊಂದಿಸಿಕೊಳ್ಳಬಹುದು. ಬೆಂಚ್‌ರೆಸ್ಟ್ ಶೂಟರ್‌ಗಳು (ಮೇಜಿನ ಮೇಲೆ ರೈಫಲ್ ಇಟ್ಟು ಅತಿ ನಿಖರವಾಗಿ ಗುರಿ ಹೊಡೆಯುವವರು) ಟ್ರೇಯೇ ಇಲ್ಲದ, ಒಂದೊಂದೇ ಪ್ರೈಮರ್ ಇಟ್ಟು ಒತ್ತುವ ಟೂಲ್‌ಗಳನ್ನು ಇಷ್ಟಪಡುತ್ತಾರೆ. ಕೆ ಅಂಡ್ ಎಂ, ಟ್ವೆಂಟಿಫಸ್ಟ್ ಸೆಂಚುರಿ ಅಂಥವು. ಬೆರಳಿಗೆ ಸಿಗುವ ಸೂಕ್ಷ್ಮ ಅವುಗಳಲ್ಲಿ ಇನ್ನೂ ಚೆನ್ನಾಗಿದೆ. ನನ್ನ ಗುರಿಗಾರಿಕೆಗೆ ಅಷ್ಟು ಬೇಕಾಗಿಲ್ಲ ಬಿಡಿ.

ಆಳ ಹೊಂದಿಸುವ ತಿರುಪು ಇದೆ ಅಂತ ಅದನ್ನೇ ಕಣ್ಣುಮುಚ್ಚಿ ನಂಬೋದು ನನಗೆ ಸರಿ ಕಾಣೋದಿಲ್ಲ. ಯಾಕೆ ಅಂದರೆ, ಕೆಳಗಿಂದ ಪ್ರೈಮರ್ ತಳ್ಳುವಾಗ ಕೇಸು ಮೇಲಕ್ಕೆ ಸರಿದು ಶೆಲ್ ಹೋಲ್ಡರ್‌ನ ತುಟಿಗೆ ಒತ್ತಿಕೊಳ್ಳುತ್ತದೆ. ಅಂದರೆ ಟೂಲ್ ಅಳೆಯೋದು ಕೇಸಿನ ತಳದಿಂದ ಅಲ್ಲ, ಅಂಚಿನ ಮೇಲ್ಭಾಗದಿಂದ. ಅಂಚಿನ ದಪ್ಪ ಕೇಸಿನಿಂದ ಕೇಸಿಗೆ ಬೇರೆ ಆದರೆ ಪ್ರೈಮರ್‌ನ ಆಳವೂ ಬೇರೆ ಆಗುತ್ತದೆ. ಬೇರೆ ಬೇರೆ ಕಂಪನಿಯ ಕೇಸುಗಳನ್ನು ಕಲಸಿಕೊಂಡು ಕೂತವರಿಗೆ ಇದು ಬೇಗ ತಿಳಿಯುತ್ತದೆ. ತಿರುಪು ಒಂದು ಮಿತಿ ಹಾಕಲಿ, ಕೊನೇ ತೀರ್ಮಾನ ಕೈಯದ್ದು ಅನ್ನೋದು ನನ್ನ ಲೆಕ್ಕ.

ಹಾಗಾದರೆ ಪಿಸ್ತೂಲ್‌ಗೆ ಬೆಂಚ್ ಟೂಲ್ ಯಾಕೆ? ಹೆಬ್ಬೆರಳು ನೋಯುತ್ತದೆ ಅಷ್ಟೇ. ರೈಫಲ್‌ನಲ್ಲಿ ಒಂದು ಸಲಕ್ಕೆ ಒಂದು ಡಬ್ಬ ಮಾಡಿದರೆ ಸಾಕು. 9 ಎಂಎಂ ಹಾಗಲ್ಲ, ರಾಶಿ ರಾಶಿ ಬೇಕು. ಹಿಂಡಿ ಹಿಂಡಿ ಕೈ ಸೋತ ಮೇಲೆ ನಿಖರತೆ ಮೊದಲು ಕೈಬಿಡುತ್ತದೆ. ಬೆಂಚ್ ಟೂಲ್‌ನ ಉದ್ದ ಹಿಡಿಕೆಯಲ್ಲಿ ಆಯಾಸ ಇಲ್ಲ. ಪ್ರೆಸ್‌ನಷ್ಟು ಬಲವೂ ಇಲ್ಲದ್ದರಿಂದ ತಳ ಮುಟ್ಟಿದ್ದು ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಕೀಲು ನೋವಿರುವವರು ಕೈ ಟೂಲ್‌ನ ಆಸೆ ಬಿಟ್ಟು ನೇರವಾಗಿ ಇದನ್ನೇ ತಗೊಳ್ಳೋದು ಒಳ್ಳೇದು. ಆದರೆ ಇದಕ್ಕೆ ಪ್ರೈಮರ್‌ಗಳನ್ನು ಉದ್ದ ಟ್ಯೂಬಿನಲ್ಲಿ ಒಂದರ ಮೇಲೊಂದು ತುಂಬಬೇಕಾಗುತ್ತದೆ. ತುಂಬಿದ ಟ್ಯೂಬನ್ನು ಮರ್ಯಾದೆಯಿಂದ ನೋಡಿಕೊಳ್ಳಬೇಕು. ಸಿಕ್ಕಿಕೊಂಡರೆ ಕಡ್ಡಿ ಹಾಕಿ ಕುಟ್ಟೋದು, ಜೋರು ಮಾಡೋದು ಖಂಡಿತ ಬೇಡ.

ಕೊಳ್ಳೋ ಮೊದಲು ಇನ್ನೊಂದು ನೋಡಿ. ಪ್ರೈಮರ್‌ನಲ್ಲಿ ಎರಡು ಅಗಲ: ಸ್ಮಾಲ್ 0.175 ಇಂಚು, ಲಾರ್ಜ್ 0.210 ಇಂಚು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಟೂಲ್‌ನಲ್ಲಿ ಪ್ರೈಮರ್ ತಳ್ಳುವ ಪಿನ್ ಬದಲಾಯಿಸಬೇಕು. ಈ ಬದಲಾವಣೆ ಕಷ್ಟವಿದ್ದರೆ ಆ ಟೂಲ್ ದಿನಾ ಸಿಟ್ಟು ತರಿಸುತ್ತದೆ. ಅಗಲ ಒಂದೇ ಅಂತ ರೈಫಲ್ ಪ್ರೈಮರನ್ನು ಪಿಸ್ತೂಲ್ ಕೇಸಿಗೆ ಹಾಕಬೇಡಿ. ಲಾರ್ಜ್ ರೈಫಲ್ ಪ್ರೈಮರ್ ಎತ್ತರ ಜಾಸ್ತಿ, ಪಿಸ್ತೂಲ್ ಪಾಕೆಟ್‌ನಲ್ಲಿ ಉಬ್ಬಿಯೇ ನಿಲ್ಲುತ್ತದೆ.

ಸೈನ್ಯದ 5.56 ಅಥವಾ 7.62 ಎಂಎಂ ಕೇಸು ಸಿಕ್ಕರೆ ಯಾವ ಟೂಲೂ ತಾನಾಗಿ ಕಾಪಾಡೋದಿಲ್ಲ. ಅವುಗಳಲ್ಲಿ ಪ್ರೈಮರ್ ಸುತ್ತ ಹಿತ್ತಾಳೆಯನ್ನು ಒತ್ತಿ ಕ್ರಿಂಪ್ ಮಾಡಿರುತ್ತಾರೆ. ಆ ಉಂಗುರವನ್ನು ಮೊದಲು ಸ್ವೇಜ್ ಮಾಡಿಯೋ (ಒತ್ತಿ ಹಿಂದಕ್ಕೆ ಸರಿಸಿ) ರೀಮರ್‌ನಿಂದ ಕೆರೆದೋ ತೆಗೆಯಬೇಕು. ತೆಗೆಯದೇ ಹೋದರೆ ಕಪ್‌ನ ಅಂಚು ಮಡಿಚಿಕೊಳ್ಳುತ್ತದೆ. ಕೈ ಟೂಲ್‌ನಲ್ಲಿ ಇದು ಶುರುವಿನಲ್ಲೇ ತಡೆದ ಹಾಗೆ ಗೊತ್ತಾಗುತ್ತದೆ, ಅಲ್ಲಿಗೇ ನಿಲ್ಲಿಸಬಹುದು. ಪ್ರೆಸ್‌ನ ಹಿಡಿಕೆ ಅದನ್ನೂ ಪುಡಿ ಮಾಡಿ ಒಳಗೆ ನೂಕಿಬಿಡುತ್ತದೆ.

ಕೆಲಸಕ್ಕೆ ಕೂತರೆ ಕನ್ನಡಕ ಹಾಕಿಯೇ ಕೂರುತ್ತೇನೆ, ಕೇಸಿನ ಬಾಯಿ ಮುಖದ ಕಡೆ ಇರದ ಹಾಗೆ ಹಿಡಿಯುತ್ತೇನೆ. ಪ್ರೈಮರ್‌ಗಳನ್ನು ಗೆರೆಗಳಿರುವ ಟ್ರೇಗೆ ಸುರಿದು ಮೆಲ್ಲಗೆ ಅಲುಗಾಡಿಸಿದರೆ ಎಲ್ಲವೂ ಒಂದೇ ಕಡೆ ಮುಖ ಮಾಡುತ್ತವೆ. ಎಣ್ಣೆ ಕೈಯಲ್ಲಿ ಮುಟ್ಟೋದಿಲ್ಲ. ಮಾಮೂಲಿ ಪ್ರೈಮರ್‌ಗಳ ಮಿಶ್ರಣದಲ್ಲಿ ಸೀಸ ಇರೋದರಿಂದ ಮುಗಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರೋದಿಲ್ಲ. ಯಾವ ಟೂಲ್‌ಗೆ ಯಾವ ಬ್ರಾಂಡಿನ ಪ್ರೈಮರ್ ಹಾಕಬಾರದು ಅಂತ ಕೈಪಿಡಿಯಲ್ಲಿ ಬರೆದಿದ್ದರೆ ಅದನ್ನು ಪಾಲಿಸಿ. ಲೀ ತನ್ನ ಹಳೇ ಟೂಲ್‌ಗಳಿಗೆ ಇಂಥ ಎಚ್ಚರಿಕೆ ಕೊಟ್ಟಿತ್ತು, ಅದಕ್ಕೆ ಕಾರಣವೂ ಇತ್ತು.

ಕೂರಿಸಿದ ಪ್ರತಿಯೊಂದರ ಮೇಲೂ ಬೆರಳಿನ ತುದಿ ಆಡಿಸಿ ನೋಡುತ್ತೇನೆ. ಸ್ವಲ್ಪ ತಗ್ಗು ಸಿಗಬೇಕು. ಅನುಮಾನ ಬಂದರೆ ಕೇಸನ್ನು ಸಪಾಟಾದ ಗಾಜಿನ ಮೇಲೆ ನಿಲ್ಲಿಸೋದು. ಅಲ್ಲಾಡಿದರೆ ಪ್ರೈಮರ್ ಎತ್ತರದಲ್ಲಿದೆ ಅಂತ. ಇದನ್ನೆಲ್ಲ ಮದ್ದು ಹಾಕೋ ಮೊದಲೇ ಮುಗಿಸಬೇಕು. ಮದ್ದು, ಬುಲೆಟ್ ಎಲ್ಲ ಸೇರಿದ ತೋಟಾದಲ್ಲಿ ಉಬ್ಬಿದ ಪ್ರೈಮರ್ ಕಂಡರೆ ಅದನ್ನು ಮತ್ತೆ ಟೂಲ್‌ಗೆ ಹಾಕಿ ಒತ್ತೋ ಮಾತೇ ಇಲ್ಲ. ಆ ತೋಟಾವನ್ನು ಬಿಚ್ಚಿ, ಬುಲೆಟ್ ಎಳೆದು, ಮದ್ದು ಸುರಿದು ಖಾಲಿ ಮಾಡಿದ ಮೇಲೆಯೇ ಮುಂದಿನ ಯೋಚನೆ.